ಸಿಮ್ ರೇಸಿಂಗ್ ಶುರು ಮಾಡೋರಿಗೆ: ಕಂಟ್ರೋಲರ್‌ನಿಂದ ಹಿಡಿದು ಬ್ರೇಕ್ ಬಿಡೋ ಹದದವರೆಗೆ

ಸಿಮ್ ರೇಸಿಂಗ್, ಅಂದ್ರೆ ನಿಜವಾದ ಕಾರಿನ ಥರಾನೇ ನಡೆಯೋ ಕಂಪ್ಯೂಟರ್ ರೇಸ್ ಆಟ, ಶುರು ಮಾಡ್ಬೇಕು ಅಂತಿರೋರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ, ಯಾವ ವೀಲ್ (ಆಟಕ್ಕೆ ಜೋಡಿಸೋ ಸ್ಟಿಯರಿಂಗ್) ತಗೊಳ್ಲಿ ಅಂತ. ನಾನೂ ಅಲ್ಲಿಂದಾನೇ ಶುರು ಮಾಡಿದ್ದು. ಈಗ ಯಾರಾದ್ರೂ ಕೇಳಿದ್ರೆ ನಾನು ಮಾತು ಶುರು ಮಾಡೋದು ಕಾಲಿನಿಂದ, ಅದರಲ್ಲೂ ಬ್ರೇಕ್ ಪೆಡಲ್ ಮೇಲಿರೋ ಕಾಲಿನಿಂದ. ಲ್ಯಾಪ್ ಟೈಮ್ (ಒಂದು ಸುತ್ತಿಗೆ ಹಿಡಿಯೋ ಸಮಯ) ಅಲ್ಲಿ ಸಿಗತ್ತೆ, ಕಾರು ಸ್ಪಿನ್ ಆಗೋದೂ ಅಲ್ಲಿಂದಾನೇ, ಪಕ್ಕದಲ್ಲಿರೋ ಕಾರಿಗೆ ಗುದ್ದದೇ ಇರೋದೂ ಅದೇ ಕಾಲಿನ ಹದದಿಂದ. ಬ್ರೇಕ್ ಒತ್ತೋದು ಎಲ್ರಿಗೂ ಬರತ್ತೆ, ಅದನ್ನ ಬಿಡೋದು ಕಲಿಯೋಕೆ ನನಗಂತೂ ತಿಂಗಳುಗಟ್ಟಲೆ ಹಿಡೀತು. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಈ ಲೇಖನ ಓದಿ, ಸಾಮಾನು ಯಾವುದು ಮೊದಲು ಯಾವುದು ಆಮೇಲೆ ಅನ್ನೋದೂ ಅದರಿಂದಾನೇ ತೀರ್ಮಾನ ಆಗತ್ತೆ.

ಮೊದಲು ಯಾವ ಸಿಮ್ ಅಂತ ನೋಡೋಣ

ಪ್ಲೇಸ್ಟೇಷನ್ ಕನ್ಸೋಲ್ ಇದ್ರೆ ಗ್ರಾನ್ ಟುರಿಸ್ಮೋ 7 ಸಾಕು, ಅದು 2022ರಲ್ಲಿ ಬಂದಿದ್ದು, ಅದರ ಆನ್‌ಲೈನ್ ರೇಸ್‌ಗಳಲ್ಲಿ ನಿಮ್ಮ ವೇಗಕ್ಕೊಂದು ರೇಟಿಂಗ್ ನಿಮ್ಮ ನಡತೆಗೊಂದು ರೇಟಿಂಗ್ ಇರತ್ತೆ. ಪಿಸಿ ಇದ್ರೆ ಆಯ್ಕೆ ಜಾಸ್ತಿ. ಅಸೆಟ್ಟೋ ಕೋರ್ಸಾ 2014ರದ್ದು, ಇಟಲಿಯ ಕುನೋಸ್ ಸಿಮುಲಾಝಿಯೋನಿ ಮಾಡಿದ್ದು, ಇಷ್ಟು ಹಳೇದಾದ್ರೂ ಮಾಡ್‌ಗಳಿಂದ (ಆಡೋರೇ ಮಾಡಿ ಸೇರಿಸೋ ಕಾರು, ಟ್ರ್ಯಾಕ್‌ಗಳಿಂದ) ಇವತ್ತಿಗೂ ಜೀವಂತ ಇದೆ, ಜಾಸ್ತಿ ಪವರ್ ಇರೋ ಕಂಪ್ಯೂಟರೂ ಬೇಕಿಲ್ಲ. ಅದರ ತಮ್ಮನ ಹಾಗೆ 2019ರಲ್ಲಿ ಬಂದ ಅಸೆಟ್ಟೋ ಕೋರ್ಸಾ ಕಾಂಪಿಟಿಝಿಯೋನೆ ಮುಖ್ಯವಾಗಿ ಜಿಟಿ3 ಥರದ ಕಾರುಗಳಿಗೇ (ರೇಸ್‌ಗೆ ಅಂತ ಬದಲಾಯಿಸಿದ ಸ್ಪೋರ್ಟ್ಸ್ ಕಾರುಗಳಿಗೇ) ಮೀಸಲು, ಮಳೆ, ರಾತ್ರಿ, ಆ ಇಂಜಿನ್ ಸದ್ದು ಎಲ್ಲ ಅದ್ಭುತ. ರೇಸ್‌ರೂಮ್ ಅನ್ನೋದು ಶುರು ಮಾಡೋಕೆ ಫ್ರೀ. ಇನ್ನು ಐರೇಸಿಂಗ್, 2008ರಿಂದ ಇದೆ, ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಬೇಕು, ಕಾರು ಟ್ರ್ಯಾಕ್ ಬೇರೆ ಬೇರೆ ಕೊಳ್ಬೇಕು, ಅದಕ್ಕೆ ಖರ್ಚು ಜಾಸ್ತಿ, ಆದ್ರೆ ಯಾವ ಹೊತ್ತಲ್ಲಿ ಲಾಗಿನ್ ಆದ್ರೂ ನಿಮ್ಮ ಮಟ್ಟದವರ ಜೊತೆ ರೇಸ್ ಸಿಗತ್ತೆ, ಅಷ್ಟು ವ್ಯವಸ್ಥಿತವಾಗಿ ಬೇರೆ ಕಡೆ ಸಿಗೋದು ಕಷ್ಟ.

ಇದು ಬರೀ ಆಟ ಅಲ್ವಾ ಅಂತ ಮನೇಲಿ ಯಾರಾದ್ರೂ ಕೇಳಿದ್ರೆ ವಿಲಿಯಂ ಬೈರನ್ ಕಥೆ ಹೇಳಿ, ಐರೇಸಿಂಗ್‌ನಲ್ಲೇ ಡ್ರೈವಿಂಗ್ ಕಲಿತು ಆಮೇಲೆ ನಿಜವಾದ ಕಾರಿಗೆ ಹತ್ತಿದ ಹುಡುಗ, 2024 ಮತ್ತೆ 2025 ಎರಡೂ ವರ್ಷ ಡೇಟೋನಾ 500 ಅನ್ನೋ ಅಮೆರಿಕದ ದೊಡ್ಡ ಕಾರ್ ರೇಸ್ ಗೆದ್ದ. ಮ್ಯಾಕ್ಸ್ ವರ್ಸ್ಟಾಪನ್ ಫಾರ್ಮುಲಾ ಒನ್ ಚಾಂಪಿಯನ್ ಆದಮೇಲೂ ಬಿಡುವಾದಾಗ ಸಿಮ್‌ನಲ್ಲೇ ಕೂತಿರ್ತಾನೆ.

ಕಂಟ್ರೋಲರ್: ಕೈಲಿ ಏನಿದ್ಯೋ ಅದರಿಂದಾನೇ

ಗೇಮ್‌ಪ್ಯಾಡ್ ಇದ್ರೆ ಅದರಲ್ಲೇ ಶುರು ಮಾಡಿ, ವೀಲ್ ಇಲ್ಲದೆ ಸಿಮ್ ಆಡೋಕಾಗಲ್ಲ ಅನ್ನೋದು ಸುಳ್ಳು. ಎರಡು ಟ್ರಿಗರ್‌ಗಳಲ್ಲಿ ಬ್ರೇಕು, ಆಕ್ಸಿಲರೇಟರು ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಒತ್ತೋಕಾಗತ್ತೆ, ಅದೇ ಮುಖ್ಯ. ಕೀಬೋರ್ಡ್‌ನಲ್ಲಿ ಅದು ಆಗಲ್ಲ, ಕೀ ಒತ್ತಿದ್ರೆ ಪೂರ್ತಿ ಬಿಟ್ರೆ ಸೊನ್ನೆ, ಹಾಗಾಗಿ ಕೀಬೋರ್ಡ್ ಬೇಡ. ಪ್ಯಾಡಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಮೂರು ವಿಷಯ ನೋಡಿ. ಒಂದು ಡೆಡ್‌ಝೋನ್, ಅಂದ್ರೆ ಸ್ಟಿಕ್ ಅಲುಗಿದ್ರೂ ಆಟ ಲೆಕ್ಕಕ್ಕೆ ತಗೊಳ್ಳದ ಜಾಗ, ಸ್ಟಿಕ್ ತಾನಾಗೇ ಅಲುಗಾಡದಿರೋಷ್ಟು ಮಾತ್ರ ಇರ್ಲಿ. ಇನ್ನೊಂದು ಸ್ಟಿಯರಿಂಗ್ ಗಾಮಾ ಅಥವಾ ಲೀನಿಯಾರಿಟಿ ಅಂತ ಇರತ್ತೆ, ಅದನ್ನ ಸ್ವಲ್ಪ ಏರಿಸಿದ್ರೆ ಸ್ಟಿಕ್ ಮಧ್ಯದ ಹತ್ತಿರ ಸೂಕ್ಷ್ಮವಾಗಿ ತಿರುಗಿಸೋಕಾಗತ್ತೆ. ಮೂರನೇದು ಸ್ಪೀಡ್ ಸೆನ್ಸಿಟಿವಿಟಿ, ವೇಗ ಏರಿದ ಹಾಗೆ ಸ್ಟಿಯರಿಂಗ್ ಕೋನ ಕಮ್ಮಿ ಮಾಡೋದು, ಇದು ಇಲ್ಲದೆ ನೇರ ರಸ್ತೇಲಿ ಕಾರು ಹಾವಿನ ಥರ ಹೋಗತ್ತೆ.

ವೀಲ್‌ಗೆ ಬಂದ್ರೆ ಒಳಗಿನ ಮೋಟರ್ ಹೇಗೆ ಕೆಲಸ ಮಾಡತ್ತೆ ಅನ್ನೋದರ ಮೇಲೆ ಮೂರು ಥರ. ಲಾಜಿಟೆಕ್ ಜಿ29, ಜಿ920, ಜಿ923 ಇವೆಲ್ಲ ಗೇರ್‌ನವು, 900 ಡಿಗ್ರಿ ತಿರುಗತ್ತೆ, ತಿರುಗಿಸೋ ಬಲ ಸುಮಾರು 2 ನ್ಯೂಟನ್ ಮೀಟರ್, ಸ್ವಲ್ಪ ಕಟಕಟ ಸದ್ದು, ಆದ್ರೆ ಗಟ್ಟಿ ಸಾಮಾನು, ಸೆಕೆಂಡ್ ಹ್ಯಾಂಡಲ್ಲೂ ಧೈರ್ಯವಾಗಿ ತಗೋಬಹುದು. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟ್‌ನದ್ದು, 1080 ಡಿಗ್ರಿ, ಮೃದುವಾಗಿ ತಿರುಗತ್ತೆ. ಆಮೇಲೆ ಡೈರೆಕ್ಟ್ ಡ್ರೈವ್, ಮೋಟರಿನ ಶಾಫ್ಟ್‌ಗೇ ಸ್ಟಿಯರಿಂಗ್ ಕೂಡಿಸಿರ್ತಾರೆ, ಮಧ್ಯೆ ಗೇರೂ ಇಲ್ಲ ಬೆಲ್ಟೂ ಇಲ್ಲ, ಫ್ಯಾನಟೆಕ್ ಸಿಎಸ್ಎಲ್ ಡಿಡಿ 5 ನ್ಯೂಟನ್ ಮೀಟರ್, ಮೋಝಾ ಆರ್5 ಅಂದ್ರೆ 5.5. ಈ ಸಣ್ಣ ಡೈರೆಕ್ಟ್ ಡ್ರೈವ್‌ಗಳೇ ಬಹುಪಾಲು ಜನಕ್ಕೆ ಬೇಕಾದಷ್ಟಾಯ್ತು, 15, 20 ನ್ಯೂಟನ್ ಮೀಟರ್ ಹಿಂದೆ ಹೋಗೋ ಅಗತ್ಯ ನನಗೆ ಕಂಡಿಲ್ಲ. ಕನ್ಸೋಲ್‌ನವರು ಒಂದು ಎಚ್ಚರಿಕೆ ತಗೊಳ್ಳಿ, ಎಲ್ಲ ವೀಲೂ ಎಲ್ಲ ಕನ್ಸೋಲ್‌ಗೂ ಸೇರಲ್ಲ, ಪೆಟ್ಟಿಗೆ ಮೇಲೆ ನಿಮ್ಮ ಕನ್ಸೋಲ್ ಹೆಸರು ಇದ್ಯಾ ನೋಡ್ಕೊಂಡೇ ದುಡ್ಡು ಕೊಡಿ. ಡೈರೆಕ್ಟ್ ಡ್ರೈವ್ ತಗೊಂಡ್ರೆ ಹೆಬ್ಬೆರಳನ್ನ ಸ್ಟಿಯರಿಂಗ್ ಕಡ್ಡಿಯೊಳಗೆ ಸಿಕ್ಕಿಸಿಕೊಂಡು ಹಿಡೀಬೇಡಿ, ಕಾರು ಗೋಡೆಗೆ ಗುದ್ದೋದು ಖಚಿತ ಅನ್ನಿಸಿದ ಕ್ಷಣ ಕೈ ಬಿಟ್ಬಿಡಿ, ಬೆರಳು ಉಳುಕೋಕೆ ಅರ್ಧ ಸೆಕೆಂಡ್ ಸಾಕು.

ಈಗ ಪೆಡಲ್. ಇಲ್ಲಿ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಜನ ವೀಲ್‌ಗೆ ಎಲ್ಲ ದುಡ್ಡು ಸುರಿದು ಪೆಡಲ್‌ಗೆ ಏನೂ ಉಳಿಸ್ಕೊಳ್ಳಲ್ಲ. ಸಾಮಾನ್ಯ ಪೆಡಲ್ ಒಳಗೆ ಪೊಟೆನ್ಶಿಯೋಮೀಟರ್ ಇರತ್ತೆ, ಪೆಡಲ್ ಎಷ್ಟು ದೂರ ಹೋಯ್ತು ಅಂತ ಅಳೆಯತ್ತೆ. ಲೋಡ್ ಸೆಲ್ ಇರೋ ಪೆಡಲ್ ನೀವು ಎಷ್ಟು ಬಲ ಹಾಕಿದ್ರಿ ಅಂತ ಅಳೆಯತ್ತೆ. ಕಾಲಿಗೆ ದೂರ ನೆನಪಿರಲ್ಲ, ಬಲ ನೆನಪಿರತ್ತೆ. ನಿಜವಾದ ಕಾರಿನ ಬ್ರೇಕೂ ಹಾಗೇ ಅಲ್ವಾ, ಪೆಡಲ್ ಸ್ವಲ್ಪ ಹೋಗಿ ಗಟ್ಟಿಯಾಗತ್ತೆ, ಆಮೇಲೆ ಎಲ್ಲ ಒತ್ತಡದ್ದೇ ಲೆಕ್ಕ. ನಾನು ಗೇರ್ ವೀಲ್ ಇಟ್ಕೊಂಡೇ ಲೋಡ್ ಸೆಲ್ ಬ್ರೇಕ್ ಮಾತ್ರ ಹಾಕಿಸ್ಕೊಂಡಿದ್ದೆ, ಮೊದಲ ವಾರ ನಿಧಾನ ಆದೆ, ಎರಡನೇ ವಾರದಿಂದ ಹತ್ತು ಲ್ಯಾಪ್ ಹೊಡೆದ್ರೆ ಹತ್ತೂ ಹೆಚ್ಚುಕಮ್ಮಿ ಒಂದೇ ಟೈಮ್ ಬರೋಕೆ ಶುರುವಾಯ್ತು. ಹಾಗಾಗಿ ಅಪ್‌ಗ್ರೇಡ್ ಅಂತ ಮಾಡೋದಾದ್ರೆ ಮೊದಲು ಬ್ರೇಕ್, ಆಮೇಲೆ ಕೂರೋ ಜಾಗ, ಆಮೇಲೇ ವೀಲ್. ಲೋಡ್ ಸೆಲ್ ಕ್ಯಾಲಿಬ್ರೇಟ್ ಮಾಡುವಾಗ ಮೈಯೆಲ್ಲ ಬಲ ಹಾಕಿ ನೂರು ಪರ್ಸೆಂಟ್ ಸೆಟ್ ಮಾಡ್ಬೇಡಿ, ಅರ್ಧ ಗಂಟೆ ರೇಸಲ್ಲಿ ಪ್ರತಿ ತಿರುವಿಗೂ ಆಯಾಸ ಇಲ್ಲದೆ ಒತ್ತೋಕಾಗೋ ಬಲ ಎಷ್ಟೋ ಅಷ್ಟಕ್ಕೆ ಇಟ್ಕೊಳ್ಳಿ.

ಕೂರೋದು, ಕಾಣೋದು

ಉರುಳೋ ಚೇರ್ ಮೇಲೆ ಕೂತು ಜೋರಾಗಿ ಬ್ರೇಕ್ ಒತ್ತಿದ್ರೆ ನೀವೇ ಹಿಂದಕ್ಕೆ ಹೋಗ್ತೀರ. ಚೇರಿನ ಚಕ್ರಗಳನ್ನ ಹಳೇ ಶೂಗಳೊಳಗೆ ಇಡಿ, ನಿಲ್ಲತ್ತೆ, ಇದಕ್ಕೆ ಖರ್ಚೇ ಇಲ್ಲ. ಪೆಡಲ್ ಹಿಂದೆ ಗೋಡೆ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಪೆಡಲ್‌ಗೂ ಚೇರ್‌ಗೂ ಒಂದು ಪಟ್ಟಿ ಕಟ್ಟಿ. ಬೆನ್ನು ಸೀಟಿಗೆ ಒರಗಿಸಿಕೊಂಡು ಕೈ ಚಾಚಿದ್ರೆ ಮಣಿಕಟ್ಟು ಸ್ಟಿಯರಿಂಗ್‌ನ ಮೇಲ್ತುದಿಗೆ ತಾಗ್ಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚೇ ಇರ್ಬೇಕು.

ಆಮೇಲೆ ಎಫ್ಒವಿ, ಅಂದ್ರೆ ಪರದೇಲಿ ಎಷ್ಟು ಅಗಲದ ಜಗತ್ತು ಕಾಣ್ಬೇಕು ಅನ್ನೋ ಕೋನ. ಇದನ್ನ ಬಹಳ ಜನ ಹಾಗೇ ಬಿಟ್ಬಿಡ್ತಾರೆ, ಆಗ ಎಲ್ಲ ತಿರುವೂ ಇರೋದಕ್ಕಿಂತ ದೂರದಲ್ಲಿ ಕಾಣತ್ತೆ, ವೇಗದ ಅಂದಾಜು ತಪ್ಪತ್ತೆ, ಬ್ರೇಕ್ ತಡವಾಗತ್ತೆ. ಲೆಕ್ಕ ಸರಳ: 27 ಇಂಚಿನ ಸಾಮಾನ್ಯ ಮಾನಿಟರ್ ಅಗಲ ಸುಮಾರು 60 ಸೆಂಟಿಮೀಟರ್, ಅದನ್ನ ಕಣ್ಣಿಂದ 60 ಸೆಂಟಿಮೀಟರ್ ದೂರದಲ್ಲಿ ಇಟ್ರೆ ಸರಿಯಾದ ಅಡ್ಡ ಕೋನ 53 ಡಿಗ್ರಿ, ಉದ್ದ ಕೋನ (ಮೇಲಿಂದ ಕೆಳಕ್ಕೆ) 31 ಡಿಗ್ರಿ. ಅದೇ ಮಾನಿಟರ್ 80 ಸೆಂಟಿಮೀಟರ್ ದೂರ ಹೋದ್ರೆ ಅಡ್ಡ 41ಕ್ಕೆ ಉದ್ದ 24ಕ್ಕೆ ಇಳಿಯತ್ತೆ. ಅಸೆಟ್ಟೋ ಕೋರ್ಸಾದಲ್ಲಿ ಹಾಕೋದು ಉದ್ದ ಕೋನ, ಐರೇಸಿಂಗ್‌ನಲ್ಲಿ ಅಡ್ಡ, ಗೊಂದಲ ಮಾಡ್ಕೊಬೇಡಿ. ಮೊದಲ ದಿನ ಕಿಟಕಿ ಸಂದಿಯಿಂದ ನೋಡಿದ ಹಾಗೆ ಅನ್ನಿಸತ್ತೆ, ಪಕ್ಕದ ಕನ್ನಡಿ ಕಾಣಲ್ಲ, ಅದಕ್ಕೇ ಮಾನಿಟರನ್ನ ವೀಲ್ ಹಿಂದೆ ಎಷ್ಟು ಹತ್ತಿರ ಆಗತ್ತೋ ಅಷ್ಟು ಹತ್ತಿರ ಎಳ್ಕೊಳ್ಳಿ. ನಾಲ್ಕೈದು ದಿನದಲ್ಲಿ ಕಣ್ಣು ಒಗ್ಗಿಹೋಗತ್ತೆ. ವಿಆರ್ (ಕಣ್ಣಿಗೆ ಕಟ್ಟಿಕೊಳ್ಳೋ ಪರದೆ) ಹಾಕೋರಿಗೆ ಈ ತಲೆನೋವೇ ಇಲ್ಲ, ಆದ್ರೆ ಹೊಟ್ಟೆ ತೊಳೆಸಿದ ಹಾಗೆ ಆದ ತಕ್ಷಣ ತೆಗೆದಿಟ್ಬಿಡಿ, ತಡ್ಕೊಂಡು ಆಡಿದ್ರೆ ಮಾರನೇ ದಿನ ಇನ್ನೂ ಬೇಗ ತಲೆ ತಿರುಗತ್ತೆ.

ಇಂಟರ್‌ನೆಟ್‌ಗೆ ವೈಫೈ ಬದಲು ಕೇಬಲ್ ಹಾಕಿ. ವೇಗ ಎಷ್ಟಿದೆ ಅನ್ನೋದಕ್ಕಿಂತ ಮಧ್ಯೆ ಮಧ್ಯೆ ತೊದಲದೇ ಇರೋದು ಮುಖ್ಯ, ನಿಮ್ಮ ಕನೆಕ್ಷನ್ ತೊದಲಿದ್ರೆ ಬೇರೆಯವರ ಪರದೇಲಿ ನಿಮ್ಮ ಕಾರು ಜಿಗಿದಾಡತ್ತೆ, ಅವರ ರೇಸ್ ಹಾಳಾಗತ್ತೆ.

ಫೋರ್ಸ್ ಫೀಡ್‌ಬ್ಯಾಕ್ ಅಂದ್ರೆ ಏನು ಕೇಳಿಸ್ಕೊಬೇಕು

ಮೋಟರಿನಿಂದ ವೀಲ್‌ನಲ್ಲಿ ಕೈಗೆ ಬರೋ ಬಲಕ್ಕೇ ಫೋರ್ಸ್ ಫೀಡ್‌ಬ್ಯಾಕ್ ಅನ್ನೋದು, ಒಳ್ಳೇ ಸಿಮ್‌ಗಳಲ್ಲಿ ಅದರಲ್ಲಿ ಬಹುಪಾಲು ಮುಂದಿನ ಎರಡು ಟೈರ್‌ಗಳ ಮಾತು. ತಿರುವಲ್ಲಿ ಟೈರ್ ಹಿಡಿತ ಏರ್ತಾ ಹೋದ ಹಾಗೆ ಸ್ಟಿಯರಿಂಗ್ ಭಾರ ಆಗತ್ತೆ, ಹಿಡಿತದ ಅಂಚು ಬಂದಾಗ ಇದ್ದಕ್ಕಿದ್ದ ಹಾಗೆ ಹಗುರ ಆಗತ್ತೆ. ಹಗುರ ಆಯ್ತು ಅಂದ್ರೆ ಮುಂದಿನ ಟೈರ್ ಜಾರೋಕೆ ಶುರು ಮಾಡಿದೆ ಅಂತ, ಅದಕ್ಕೇ ಅಂಡರ್‌ಸ್ಟಿಯರ್ ಅನ್ನೋದು, ಆಗ ಇನ್ನಷ್ಟು ತಿರುಗಿಸೋದು ಎಲ್ರೂ ಮಾಡೋ ತಪ್ಪು, ತಿರುಗಿಸಿದಷ್ಟೂ ಹಿಡಿತ ಹೋಗತ್ತೆ. ಸ್ವಲ್ಪ ಸ್ಟಿಯರಿಂಗ್ ಬಿಚ್ಚಿ, ಕಾರೇ ಮತ್ತೆ ಕಚ್ಚಿಕೊಳ್ಳತ್ತೆ.

ಈ ಹಗುರ ಭಾರ ಗೊತ್ತಾಗ್ಬೇಕು ಅಂದ್ರೆ ಕ್ಲಿಪ್ಪಿಂಗ್ ಆಗ್ಬಾರದು. ಗೇನ್ (ವೀಲ್‌ಗೆ ಎಷ್ಟು ಬಲ ಕಳಿಸ್ಬೇಕು ಅನ್ನೋ ಸೆಟ್ಟಿಂಗ್) ಜಾಸ್ತಿ ಇಟ್ರೆ ವೀಲ್ ತನ್ನ ಪೂರ್ತಿ ಬಲ ಆಗಲೇ ಖರ್ಚು ಮಾಡಿಬಿಟ್ಟಿರತ್ತೆ, ಅದರ ಮೇಲಿನ ವ್ಯತ್ಯಾಸ ಕೈಗೆ ಬರೋದೇ ಇಲ್ಲ, ಬರೀ ಭಾರ ಇರತ್ತೆ ಮಾತು ಇರಲ್ಲ. ಅಸೆಟ್ಟೋ ಕೋರ್ಸಾದ ಪೆಡಲ್ ಆ್ಯಪ್‌ನಲ್ಲಿ ಒಂದು ಪಟ್ಟಿ ಇದೆ, ಕ್ಲಿಪ್ ಆದಾಗ ಕೆಂಪಾಗತ್ತೆ, ಉದ್ದ ವೇಗದ ತಿರುವಲ್ಲಿ ಅದು ಕೆಂಪಲ್ಲೇ ಕೂತಿದ್ರೆ ಗೇನ್ ಇಳಿಸಿ. ಐರೇಸಿಂಗ್‌ನಲ್ಲಿ ಕೆಲವು ಲ್ಯಾಪ್ ಹೊಡೆದಮೇಲೆ ಆಟೋ ಬಟನ್ ಒತ್ತಿದ್ರೆ ಅದೇ ಲೆಕ್ಕ ಹಾಕ್ಕೊಡತ್ತೆ. ವೀಲ್ ಎಷ್ಟು ಗಟ್ಟಿ ಇದ್ರೆ ಅಷ್ಟು ರಿಯಲ್ ಅನ್ನೋ ಭ್ರಮೆ ಬಿಟ್ಟಾಗಲೇ ನನಗೆ ಟೈರ್ ಅರ್ಥ ಆಗೋಕೆ ಶುರುವಾಗಿದ್ದು.

ಓಡಿಸೋಕೆ ಶುರು: ಒಂದು ಕಾರು, ಒಂದು ಟ್ರ್ಯಾಕ್

ಮಾಝ್ದಾ ಎಂಎಕ್ಸ್-5 ತಗೊಳ್ಳಿ. ಹಗುರ, ಹಿಂದಿನ ಚಕ್ರಕ್ಕೆ ಪವರ್, ಶಕ್ತಿ ಕಮ್ಮಿ, ತಪ್ಪು ಮಾಡಿದ್ರೆ ನಿಧಾನವಾಗಿ ಹೇಳತ್ತೆ, ಸರಿ ಮಾಡ್ಕೊಳ್ಳೋಕೆ ಟೈಮ್ ಕೊಡತ್ತೆ. ಟ್ರ್ಯಾಕ್ ಲಗೂನಾ ಸೆಕಾ, ಕ್ಯಾಲಿಫೋರ್ನಿಯಾದ್ದು, 3.6 ಕಿಲೋಮೀಟರ್, 11 ತಿರುವು. ಐರೇಸಿಂಗ್, ಅಸೆಟ್ಟೋ ಕೋರ್ಸಾ, ಗ್ರಾನ್ ಟುರಿಸ್ಮೋ 7 ಮೂರರಲ್ಲೂ ಇವೆರಡೂ ಇವೆ, ಐರೇಸಿಂಗ್‌ನಲ್ಲಂತೂ ಚಂದಾ ಜೊತೆಗೇ ಬರತ್ತೆ. ಕಾರಿನ ಸೆಟಪ್ (ಕಾರಿನ ಒಳಗಿನ ಹೊಂದಾಣಿಕೆಗಳು) ಮುಟ್ಟಬೇಡಿ, ಡಿಫಾಲ್ಟ್ ಸಾಕು, ಇನ್ನೂ ನೀವೇ ದಿನಕ್ಕೊಂದು ಥರ ಓಡಿಸ್ತಿರುವಾಗ ಕಾರನ್ನೂ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಮೊದಲ ದಿನ ಪೂರ್ತಿ ವೇಗ ಬೇಡ, ಎಪ್ಪತ್ತು ಎಂಬತ್ತು ಪರ್ಸೆಂಟಲ್ಲಿ ಹದಿನೈದು ಲ್ಯಾಪ್ ಟ್ರ್ಯಾಕ್ ಮೇಲೇ ಇರಿ. ಪ್ರತಿ ತಿರುವಿಗೂ ಬ್ರೇಕ್ ಹಾಕೋ ಗುರುತು ಹುಡುಕಿ, ದೂರದ ಬೋರ್ಡ್ ಆಗ್ಬಹುದು, ಡಾಂಬರಿನ ಬಣ್ಣ ಬದಲಾಗೋ ಜಾಗ ಆಗ್ಬಹುದು, ಬೇಲಿಯ ತುದಿ ಆಗ್ಬಹುದು, ನೆರಳನ್ನ ಮಾತ್ರ ಗುರುತಾಗಿ ಇಟ್ಕೊಬೇಡಿ, ಹೊತ್ತು ಬದಲಾದ್ರೆ ನೆರಳೂ ಸರಿಯತ್ತೆ. ಗುರುತು ಯಾಕೆ ಇಷ್ಟು ಮುಖ್ಯ ಅಂದ್ರೆ ಗಂಟೆಗೆ 180 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 50 ಮೀಟರ್, ನೀವು ಸೆಕೆಂಡಿನ ಐದರಲ್ಲಿ ಒಂದು ಭಾಗ ತಡ ಮಾಡಿದ್ರೂ 10 ಮೀಟರ್ ಮುಂದೆ ಹೋಗಿರ್ತೀರ, ಎರಡೂವರೆ ಕಾರಿನ ಉದ್ದ. ಜೊತೆಗೆ ಇನ್ನೊಂದು ಲೆಕ್ಕ ಇದೆ, ತಿರುವಲ್ಲಿ ಬೇಕಾಗೋ ಹಿಡಿತ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ವೇಗ ಹತ್ತು ಪರ್ಸೆಂಟ್ ಜಾಸ್ತಿ ಆದ್ರೆ ಹಿಡಿತ 21 ಪರ್ಸೆಂಟ್ ಜಾಸ್ತಿ ಬೇಕು. ಟೈರ್ ಹತ್ರ ಅಷ್ಟು ಇರಲ್ಲ. ಹಾಗಾಗಿ ಸ್ವಲ್ಪ ಜಾಸ್ತಿ ಸ್ಪೀಡಲ್ಲಿ ಹೋಗ್ಬಿಟ್ಟೆ ಅಂತ ನಿಮಗೆ ಅನ್ನಿಸೋದು ಟೈರಿಗೆ ಬಹಳ ಜಾಸ್ತಿ.

ಈಗ ಎರಡನೇ ತಿರುವಿಗೆ ಬನ್ನಿ, ಆಂಡ್ರೆಟ್ಟಿ ಹೇರ್‌ಪಿನ್ ಅಂತಾರೆ. ಪಿಟ್ (ಕಾರುಗಳನ್ನ ನಿಲ್ಲಿಸಿ ಸರಿ ಮಾಡೋ ಜಾಗ) ಮುಂದಿನ ದಾರಿ ಒಂದು ದಿಬ್ಬ ಹತ್ತಿ ಸ್ವಲ್ಪ ಎಡಕ್ಕೆ ಬಾಗತ್ತೆ, ದಿಬ್ಬ ದಾಟಿದ ಮೇಲೆ ಇಳಿಜಾರು, ಆ ಇಳಿಜಾರಲ್ಲೇ ಬ್ರೇಕ್ ಹಾಕ್ಬೇಕು, ಮುಂದೆ ಎಡಕ್ಕೆ ಎರಡು ಏಪೆಕ್ಸ್ ಇರೋ ದೊಡ್ಡ ತಿರುವು. ಏಪೆಕ್ಸ್ ಅಂದ್ರೆ ತಿರುವಿನ ಒಳ ಅಂಚಿಗೆ ಕಾರು ತೀರಾ ಹತ್ತಿರ ಬರೋ ಜಾಗ.

ನಾನು ಮೊದಲು ಏನು ಮಾಡ್ತಿದ್ದೆ ಅಂದ್ರೆ ಗುರುತು ಬಂದ ತಕ್ಷಣ ಬ್ರೇಕ್ ಒದೆಯೋದು, ವೇಗ ಇಳೀತು ಅನ್ನಿಸಿದ ಕೂಡಲೇ ಕಾಲು ಎತ್ತಿಬಿಡೋದು, ಆಮೇಲೆ ಸ್ಟಿಯರಿಂಗ್ ತಿರುಗಿಸೋದು. ಪ್ರತಿ ಸಲ ಕಾರು ತಿರುಗೋಕೆ ಒಪ್ಪದೆ ಹೊರಗಡೆಗೇ ಹೋಗ್ತಿತ್ತು. ಕಾರಣ ಏನಂದ್ರೆ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಟೈರ್‌ಗಳ ಮೇಲೆ ಬಂದು ಕೂರತ್ತೆ, ಅವು ನೆಲಕ್ಕೆ ಒತ್ತಿಕೊಂಡು ಹಿಡಿತ ಜಾಸ್ತಿ ಇರತ್ತೆ. ಕಾಲು ಫಟ್ ಅಂತ ಎತ್ತಿದ್ರೆ ಮುಂಭಾಗ ಮೇಲೇಳತ್ತೆ, ಭಾರ ಹಿಂದಕ್ಕೆ ಹೋಗತ್ತೆ, ಸರಿಯಾಗಿ ಅದೇ ಕ್ಷಣದಲ್ಲಿ ನಾವು ಮುಂದಿನ ಟೈರ್‌ಗೆ ತಿರುಗು ಅಂತ ಹೇಳ್ತಿರ್ತೀವಿ.

ಹಾಗಾದ್ರೆ ಹೀಗೆ ಮಾಡಿ. ಗುರುತಿನ ಹತ್ರ ಕಾರು ನೇರ ಇರುವಾಗಲೇ ಗಟ್ಟಿಯಾಗಿ ಒತ್ತಿ, ಬ್ರೇಕಿನ ಅತಿ ಹೆಚ್ಚು ಒತ್ತಡ ಇಲ್ಲೇ ಮೊದಲಲ್ಲೇ ಬರ್ಬೇಕು. ಎಬಿಎಸ್ ಇಲ್ಲದ ಕಾರಾದ್ರೆ ಟೈರ್ ಕಿರಿಚೋದು ಕೇಳಿಸತ್ತೆ, ಚಕ್ರ ನಿಂತುಹೋದ್ರೆ ಒಂಚೂರು ಸಡಿಲಿಸಿ. ಇಂಜಿನ್ ಸದ್ದು ಇಳಿದ ಹಾಗೆ ಒಂದೊಂದೇ ಗೇರ್ ಇಳಿಸಿ, ಆತುರದಲ್ಲಿ ಎರಡು ಒಟ್ಟಿಗೆ ಇಳಿಸಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿಹೋಗತ್ತೆ. ಈಗ ಸ್ಟಿಯರಿಂಗ್ ತಿರುಗಿಸೋಕೆ ಶುರು ಮಾಡಿದ ಕ್ಷಣದಿಂದ ಬ್ರೇಕ್ ಬಿಡೋಕೂ ಶುರು ಮಾಡಿ, ಆದ್ರೆ ಪೂರ್ತಿ ಅಲ್ಲ, ಕೈ ಎಷ್ಟು ತಿರುಗತ್ತೋ ಕಾಲು ಅಷ್ಟೇ ಏಳ್ಬೇಕು, ಕೈಗೂ ಕಾಲಿಗೂ ಒಂದು ದಾರ ಕಟ್ಟಿದ ಹಾಗೆ. ಅರ್ಧ ತಿರುಗಿಸುವಷ್ಟರಲ್ಲಿ ಬ್ರೇಕ್ ಅರ್ಧಕ್ಕೆ ಬಂದಿರತ್ತೆ, ಏಪೆಕ್ಸ್ ಹತ್ತಿರ ಬರೋ ಹೊತ್ತಿಗೆ ಬರೀ ಕಾಲ ಬೆರಳಿನ ಭಾರ ಉಳಿದಿರತ್ತೆ, ಆಮೇಲೆ ಸೊನ್ನೆ. ಇದಕ್ಕೇ ಟ್ರೇಲ್ ಬ್ರೇಕಿಂಗ್ ಅನ್ನೋದು. ಸರಿಯಾಗಿ ಆದಾಗ ಕಾರಿನ ಮೂಗು ತಾನಾಗೇ ಒಳಕ್ಕೆ ಎಳ್ಕೊಂಡು ಹೋಗತ್ತೆ, ಸ್ಟಿಯರಿಂಗ್ ನೀವು ಅಂದ್ಕೊಂಡಿದ್ದಕ್ಕಿಂತ ಕಮ್ಮಿ ತಿರುಗಿಸಿರ್ತೀರ, ಹಿಂಭಾಗ ಒಂಚೂರು ಹಗುರಾಗಿ ಕಾರು ಸೊಂಟದಿಂದ ತಿರುಗಿದ ಹಾಗೆ ಅನ್ನಿಸತ್ತೆ. ಆ ಅನುಭವ ಒಂದು ಸಲ ಬಂದ್ರೆ ಸಾಕು, ಅದಕ್ಕೋಸ್ಕರ ಮತ್ತೆ ಮತ್ತೆ ಕೂರ್ತೀರ.

ಮುಂದಿನದು ತಾಳ್ಮೆ. ಏಪೆಕ್ಸ್ ಆದಮೇಲೆ ಸ್ಟಿಯರಿಂಗ್ ಬಿಚ್ಚೋಕೆ ಆಗ್ತಿದೆ ಅನ್ನೋವರೆಗೂ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಒತ್ತಿ, ಹೆದರಿ ಬಿಟ್ಟು, ಮತ್ತೆ ಒತ್ತೋ ಥರ ಆಗ್ತಿದ್ರೆ ನೀವು ಬೇಗ ಒತ್ತಿದ್ರಿ ಅಂತಲೇ ಅರ್ಥ. ಒಂದೇ ಸಲ ಒತ್ತಿ, ಹಾಗೇ ಏರಿಸ್ಕೊಂಡು ಹೋಗೋಕಾಗ್ಬೇಕು. ತಿರುವಿಂದ ಹೊರಗೆ ಬರುವಾಗ ಗಂಟೆಗೆ ಮೂರು ಕಿಲೋಮೀಟರ್ ಜಾಸ್ತಿ ಇದ್ರೆ ಅದರ ಲಾಭ ಮುಂದಿನ ನೇರ ದಾರಿಯುದ್ದಕ್ಕೂ ಸಿಗತ್ತೆ, ಒಳಗೆ ಹೋಗುವಾಗ ಗಳಿಸಿದ್ದು ಅಲ್ಲೇ ಮುಗಿದುಹೋಗತ್ತೆ. ಲಗೂನಾದ ಕೊನೇ ತಿರುವು 11ರಲ್ಲಿ ಇದು ಬಹಳ ಚೆನ್ನಾಗಿ ಗೊತ್ತಾಗತ್ತೆ, ನಿಧಾನದ ಎಡ ತಿರುವು, ಆಮೇಲೆ ಪಿಟ್ ಮುಂದಿನ ಉದ್ದ ದಾರಿ.

ಕಾರ್ಕ್‌ಸ್ಕ್ರೂ ಬಗ್ಗೆ ಹೇಳದಿದ್ರೆ ಆಗಲ್ಲ. ಎಂಟನೇ ತಿರುವು, ಏರು ದಾರೀಲಿ ಬ್ರೇಕ್ ಹಾಕಿ ಎಡಕ್ಕೆ ತಿರುಗ್ತೀರ, ಆ ಕ್ಷಣದಲ್ಲಿ ಮುಂದೆ ರಸ್ತೆನೇ ಕಾಣಲ್ಲ ಬರೀ ಆಕಾಶ, ಆಮೇಲೆ ನೆಲ ಕಾಲ ಕೆಳಗಿಂದ ಜಾರಿದ ಹಾಗೆ ಬಲಕ್ಕೆ ಇಳಿಯತ್ತೆ, ಸುಮಾರು 140 ಮೀಟರ್ ಒಳಗೆ 18 ಮೀಟರ್ ಇಳಿಜಾರು. 1996ರ ರೇಸಲ್ಲಿ ಡ್ರೈವರ್ ಅಲೆಕ್ಸ್ ಝನಾರ್ಡಿ ಕೊನೇ ಲ್ಯಾಪಲ್ಲಿ ಬ್ರಯಾನ್ ಹರ್ಟಾನ ಹಿಂದೆ ಹಾಕಿದ್ದು ಇದೇ ಜಾಗದಲ್ಲಿ. ಇಲ್ಲಿ ಕಣ್ಣಿಗೆ ಕಾಣೋದನ್ನ ನಂಬಿ ತಿರುಗಿಸೋಕೆ ಆಗಲ್ಲ, ಬಲಕ್ಕೆ ತಿರುಗಿಸೋಕೆ ರಸ್ತೆ ಕಾಣೋಕೆ ಮೊದಲೇ ಶುರು ಮಾಡ್ಬೇಕು, ಮುಂದೆ ಕಾಣೋ ಮರಗಳಲ್ಲಿ ಒಂದನ್ನ ಗುರುತಿಟ್ಕೊಂಡು ಅದರ ಕಡೆ ಮೂಗು ಮಾಡಿ. ಬೇರೆ ಕಡೆನೂ ಕಣ್ಣಿನ ನಿಯಮ ಇದೇನೇ: ಬ್ರೇಕ್ ಒತ್ತಿದಮೇಲೆ ಕಣ್ಣು ಏಪೆಕ್ಸ್‌ಗೆ, ತಿರುಗಿಸಿದಮೇಲೆ ಕಣ್ಣು ಹೊರದಾರಿಗೆ, ಬಾನೆಟ್ ಮುಂದಿನ ರಸ್ತೆ ನೋಡ್ತಾ ಕೂತ್ರೆ ಯಾವತ್ತೂ ತಡವೇ.

ಅಭ್ಯಾಸ ದಿನಕ್ಕೆ ಅರ್ಧ ಗಂಟೆ ಸಾಕು, ಸುಸ್ತಾದಮೇಲೆ ಓಡಿಸಿದ್ರೆ ತಪ್ಪೇ ಅಭ್ಯಾಸ ಆಗತ್ತೆ. ಸತತ ಹತ್ತು ಲ್ಯಾಪ್, ಎಲ್ಲ ಅರ್ಧ ಸೆಕೆಂಡ್ ವ್ಯತ್ಯಾಸದೊಳಗೆ, ಒಂದರಲ್ಲೂ ಹೊರಗೆ ಹೋಗದ ಹಾಗೆ ಬಂತು ಅಂದ್ರೆ ನೀವು ಆನ್‌ಲೈನ್ ರೇಸ್‌ಗೆ ತಯಾರು. ಅತಿ ವೇಗದ ಒಂದು ಲ್ಯಾಪ್‌ಗಿಂತ ಈ ಹತ್ತು ಲ್ಯಾಪ್ ದೊಡ್ಡದು.

ಮೊದಲ ಆನ್‌ಲೈನ್ ರೇಸ್

ಐರೇಸಿಂಗ್‌ನಲ್ಲಿ ರೂಕಿ ಲೈಸೆನ್ಸ್‌ನಿಂದ ಶುರು, ಆಮೇಲೆ ಡಿ, ಸಿ, ಬಿ, ಎ. ಸೇಫ್ಟಿ ರೇಟಿಂಗ್ ಅಂತ ಇದೆ, ಎಷ್ಟು ತಿರುವು ದಾಟಿದ್ರಿ ಅದರಲ್ಲಿ ಎಷ್ಟು ತಪ್ಪಾಯ್ತು ಅಂತ ಲೆಕ್ಕ: ಟ್ರ್ಯಾಕ್ ಬಿಟ್ರೆ 1, ಕಾರು ಹತೋಟಿ ತಪ್ಪಿದ್ರೆ 2, ಜೋರಾಗಿ ಇನ್ನೊಂದು ಕಾರಿಗೆ ಗುದ್ದಿದ್ರೆ 4 ಪಾಯಿಂಟ್. ತಪ್ಪು ಯಾರದ್ದು ಅಂತ ಅದು ನೋಡಲ್ಲ, ಇಬ್ಬರಿಗೂ ಬೀಳತ್ತೆ. ಇದು ಅನ್ಯಾಯ ಅಂತ ತುಂಬ ಜನ ಬೇಜಾರಾಗ್ತಾರೆ, ನನಗೆ ಮಾತ್ರ ಇದು ಒಳ್ಳೇದೇ ಮಾಡಿದೆ, ಬೇರೆಯವರು ಎಲ್ಲಿ ತಪ್ಪಬಹುದು ಅಂತ ಮೊದಲೇ ನೋಡೋದು ಕಲಿಸ್ತು. ಅಸೆಟ್ಟೋ ಕೋರ್ಸಾ ಮತ್ತೆ ಕಾಂಪಿಟಿಝಿಯೋನೆಗೆ ಲೋ ಫ್ಯುಯೆಲ್ ಮೋಟರ್‌ಸ್ಪೋರ್ಟ್ ಅನ್ನೋ ಸೇವೆ ಇದೇ ಥರ ರೇಟಿಂಗ್ ಇಟ್ಟು ರೇಸ್ ನಡೆಸತ್ತೆ.

ನನ್ನ ಮೊದಲ ರೇಸಲ್ಲಿ ಕ್ವಾಲಿಫೈಯಿಂಗ್‌ನಲ್ಲಿ (ಯಾರು ಎಷ್ಟನೇ ಜಾಗದಿಂದ ಶುರು ಅಂತ ತೀರ್ಮಾನ ಮಾಡೋ ಸುತ್ತಲ್ಲಿ) ಐದನೇ ಜಾಗ ಸಿಕ್ಕಿತ್ತು. ಮೊದಲ ತಿರುವಲ್ಲಿ ಯಾವಾಗಿನ ಗುರುತಲ್ಲೇ ಬ್ರೇಕ್ ಹಾಕಿದೆ, ಮುಂದಿನವನಿಗೆ ಹೋಗಿ ಗುದ್ದಿದೆ, ಅವನು ಇನ್ನಿಬ್ಬರಿಗೆ. ನಾಲ್ಕು ಜನರ ಸಂಜೆ ಹಾಳು. ಆವತ್ತು ಚಾಟಲ್ಲಿ ಕ್ಷಮೆ ಕೇಳಿ ಲಾಗ್ ಔಟ್ ಆದೆ, ರಾತ್ರಿಯೆಲ್ಲ ಅದೇ ತಲೇಲಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನಿಜ, ಆದ್ರೆ ಆತುರದ ಜೊತೆ ತಿಳಿವಳಿಕೆಯೂ ಕಮ್ಮಿ ಇತ್ತು. ಇನ್ನೊಂದು ಕಾರಿನ ಹಿಂದೆ ಹೋಗುವಾಗ ಗಾಳಿಯ ತಡೆ ಕಮ್ಮಿ, ನಿಮ್ಮ ವೇಗ ಜಾಸ್ತಿ ಇರತ್ತೆ, ಬ್ರೇಕ್ ಹಾಕಿದಾಗ ನಿಲ್ಲಿಸೋಕೆ ಸಹಾಯ ಮಾಡೋ ಗಾಳಿಯೂ ಕಮ್ಮಿ. ಜೊತೆಗೆ ಮೊದಲ ಲ್ಯಾಪಲ್ಲಿ ಟೈರ್ ತಣ್ಣಗಿರತ್ತೆ. ಸಾಲದ್ದಕ್ಕೆ ಮುಂದಿನವನು ತನ್ನ ಮುಂದಿನವನಿಗೆ ಹೆದರಿ ಬೇಗ ಬ್ರೇಕ್ ಹಾಕ್ತಾನೆ, ಅವನ ಹಿಂದಿನವನು ಇನ್ನೂ ಬೇಗ, ಹೀಗೆ ಸಾಲು ಮುದುಡ್ಕೊಳ್ಳತ್ತೆ. ಹಾಗಾಗಿ ಮೊದಲ ತಿರುವಿಗೆ ನಿಮ್ಮ ಗುರುತಿಗಿಂತ ಸಾಕಷ್ಟು ಮೊದಲೇ ಬ್ರೇಕ್ ಹಾಕಿ, ಮೆತ್ತಗೆ ಹಾಕಿ, ಕನ್ನಡಿ ನೋಡಿ. ಮೊದಲ ಐದು ರೇಸ್ ಬೇಕಾದ್ರೆ ಪಿಟ್‌ನಿಂದಾನೇ ಶುರು ಮಾಡಿ, ಎಲ್ರೂ ಹೋದಮೇಲೆ. ನಾಲ್ಕು ತಿರುವು ಆಗೋಷ್ಟರಲ್ಲಿ ದಾರಿಯುದ್ದಕ್ಕೂ ತಿರುಗಿ ನಿಂತ ಕಾರುಗಳನ್ನ ದಾಟ್ಕೊಂಡು ಹೋಗ್ತಿರ್ತೀರ.

ಹಿಂದಿಕ್ಕೋ ವಿಷಯಕ್ಕೆ ಬಂದ್ರೆ ಮುಂದಿನವನು ತಿರುಗಿಸೋಕೆ ಶುರು ಮಾಡೋ ಹೊತ್ತಿಗೆ ನಿಮ್ಮ ಕಾರಿನ ಮೂಗು ಅವನ ಸೀಟಿನ ಪಕ್ಕಕ್ಕಾದ್ರೂ ಬಂದಿರ್ಬೇಕು, ಬಂದಿಲ್ಲ ಅಂದ್ರೆ ಆ ತಿರುವು ಅವನದು, ಹಿಂದೆ ಸರೀರಿ. ಬಂದಿದ್ರೆ ಇಬ್ರೂ ಒಬ್ಬರಿಗೊಬ್ಬರು ಒಂದು ಕಾರಿನ ಜಾಗ ಬಿಡ್ಬೇಕು, ಹೊರಗಡೆ ಇರೋನಿಗೂ. ಕಾಪಾಡ್ಕೊಳ್ಳೋಕೆ ಒಂದು ಸಲ ಪಕ್ಕಕ್ಕೆ ಸರಿಯಬಹುದು, ಬ್ರೇಕ್ ಒತ್ತಿದಮೇಲೆ ಅಲುಗಾಡಬಾರದು. ಸ್ಪಿನ್ ಆದ್ರೆ ಬ್ರೇಕನ್ನ ಗಟ್ಟಿಯಾಗಿ ಒತ್ತಿ ಹಿಡೀರಿ, ಕಾರು ಎಲ್ಲಿಗೆ ಹೋಗತ್ತೆ ಅಂತ ಹಿಂದಿನವರಿಗೆ ಅಂದಾಜು ಸಿಗತ್ತೆ, ಬಿಟ್ರೆ ಅದು ಉರುಳಿ ಮತ್ತೆ ದಾರಿ ಮಧ್ಯಕ್ಕೆ ಬರತ್ತೆ. ನಿಂತಮೇಲೆ ಎಲ್ರೂ ದಾಟೋವರೆಗೂ ಕಾಯಿರಿ, ಕಳ್ಕೊಳ್ಳೋದು ಮೂರು ನಾಲ್ಕು ಸೆಕೆಂಡ್ ಅಷ್ಟೇ.

ಇನ್ನೊಂದು ಮಾತು, ಗೆಲ್ಲೋದಕ್ಕೆ ಅಂತಲೇ ಕೂತ್ರೆ ಇದು ಬೇಗ ಬೇಜಾರಾಗತ್ತೆ, ಇಪ್ಪತ್ತು ಜನದಲ್ಲಿ ಗೆಲ್ಲೋನು ಒಬ್ಬನೇ. ನನಗೆ ಇವತ್ತಿಗೂ ನೆನಪಿರೋ ರೇಸಲ್ಲಿ ನಾನು ಹದಿನಾಲ್ಕನೇ ಜಾಗ. ಆರು ಲ್ಯಾಪ್ ಒಬ್ಬ ಅಪರಿಚಿತನ ಜೊತೆ ಪಕ್ಕಪಕ್ಕದಲ್ಲೇ ಓಡಿಸಿದೆ, ಆಂಡ್ರೆಟ್ಟಿ ಹೇರ್‌ಪಿನ್ ಒಳಗೆ ಅವನು, ಹೊರಗೆ ನಾನು, ಮೂರನೇ ತಿರುವಿಗೆ ನಾನು ಒಳಗೆ, ಕನ್ನಡಿಗೆ ಕನ್ನಡಿ ತಾಗೋಷ್ಟು ಹತ್ತಿರ, ಒಂದು ಸಲವೂ ತಾಗಲಿಲ್ಲ. ಅವನು ಬ್ರೇಕ್ ಬಿಡೋ ರೀತಿಯಿಂದಾನೇ ಎಲ್ಲಿಗೆ ಹೋಗ್ತಾನೆ ಅಂತ ನನಗೆ ಗೊತ್ತಾಗ್ತಿತ್ತು, ಅವನಿಗೂ ನಂದು ಗೊತ್ತಾಗ್ತಿತ್ತೇನೋ.

ರೇಸ್ ಮುಗಿದಮೇಲೆ ರೀಪ್ಲೇ ನೋಡದೆ ಎದ್ದುಹೋಗಬೇಡಿ. ಮೊದಲು ನಿಮಗಿಂತ ಒಂದು ಸೆಕೆಂಡ್ ವೇಗವಾಗಿದ್ದವರ ಕಾರಿನೊಳಗೆ ಕ್ಯಾಮರಾ ಇಡಿ, ಪಟ್ಟಿಯ ಮೊದಲನೆಯವನ ಕಾರು ಬೇಡ, ಅವನು ಮಾಡೋದು ನಿಮಗೆ ಇನ್ನೂ ಅರ್ಥ ಆಗಲ್ಲ. ಅವರು ಬ್ರೇಕ್ ಎಲ್ಲಿ ಒತ್ತಿದ್ರು ಅಂತ ಬಿಟ್ಟು, ಎಲ್ಲಿ ಬಿಟ್ರು ಅಂತ ನೋಡಿ. ಆಮೇಲೆ ಯಾರಾದ್ರೂ ನಿಮಗೆ ಗುದ್ದಿದ್ರೆ ಆ ಕ್ಷಣವನ್ನ ಅವರ ಸೀಟಿಂದ ಒಂದು ಸಲ ನೋಡಿ, ಅರ್ಧಕ್ಕರ್ಧ ಸಲ ಅವರಿಗೆ ನೀವು ಕಾಣ್ತಾನೇ ಇರ್ಲಿಲ್ಲ. ನೋಡಿದ ಎರಡು ತಿರುವಿನ ಹೆಸರು ಒಂದು ಚೀಟೀಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ, ಮಾರನೇ ದಿನದ ಅರ್ಧ ಗಂಟೆ ಆ ಎರಡಕ್ಕೇ.